ನಡುವಿನ ಹಾಳೆಗಳು

ನನ್ನ ಹೊಲಿಗೆ ಅಂಗಡಿಯ ಬೋರ್ಡಿನ ಮೇಲಿನ ಹೆಂಗಸು ಹದಿನೆಂಟು ವರ್ಷಗಳಿಂದ ರಸ್ತೆಗೆ ಬೆನ್ನು ಮಾಡಿ ನಿಂತಿದ್ದಾಳೆ. ಅವಳನ್ನು ಬರೆದವನು ನನ್ನ ತಮ್ಮ ಶಿವಯೋಗಿ. ಅವನೇನೋ ಎದುರು ಮುಖವನ್ನೇ ಬರೆದಿದ್ದ: ಹಸಿರು ಸೀರೆ, ಮೊಣಕೈ ಮುಟ್ಟುವ ತೋಳಿನ ಕುಪ್ಪಸ, ಕೈಯಲ್ಲಿ ಕತ್ತರಿ. ಕೊನೆಯ ಗೆರೆ ಎಳೆದು ಕುಂಚ ತೆಗೆದ ಕೂಡಲೇ ಆಕೆ ಸೆರಗು ಸರಿಮಾಡಿಕೊಂಡು, ಒಳಗೆ ಏನೋ ಮರೆತು ಬಂದವಳ ಹಾಗೆ ಹಿಂದಕ್ಕೆ ತಿರುಗಿದಳು. ಅಲ್ಲಿಗೆ ಮುಗಿಯಿತು. ನಮ್ಮೂರಲ್ಲಿ ಕೈಯಿಂದ ಬರೆದ ಚಿತ್ರ ಒಂದೇ ಒಂದು ಸಲ ಅಲ್ಲಾಡುತ್ತದೆ. ಆಮೇಲೆ ಎಲ್ಲಿ ನಿಂತಿತೋ ಅಲ್ಲೇ. ಶಿವಯೋಗಿ ಮುಖ ಸಣ್ಣದು ಮಾಡಿಕೊಂಡ. ನನಗೆ ಬೇಜಾರಾಗಲಿಲ್ಲ. ಕುಪ್ಪಸದ ಹಿಂಭಾಗ ಚೆನ್ನಾಗಿ ಕಾಣುತ್ತಿತ್ತು. ಹೆಂಗಸರು ಅದನ್ನೇ ತೋರಿಸಿ, "ಮಾದೇವಕ್ಕಾ, ನನಗೂ ಇಂಥಾದ್ದ ಹೊಲಿದುಕೊಡು" ಎನ್ನತೊಡಗಿದರು.

ಹೀಗೆ ಊರು ಹೊಂದಿಕೊಂಡು ಬಂದಿದೆ. ಬೆಳಗಾದರೆ ಅಂಗಳದ ರಂಗೋಲಿಯ ನವಿಲು ಗರಿ ಬಿಚ್ಚುವುದನ್ನು ನೋಡಲು ಮಕ್ಕಳು ಹಾಲಿನ ಲೋಟ ಹಿಡಿದು ಮೆಟ್ಟಿಲ ಮೇಲೆ ಕೂತಿರುತ್ತಾರೆ. ಶಾಲೆಯಲ್ಲಿ ಹಕ್ಕಿಯನ್ನು ಹಾಳೆಯ ನಡುಮಧ್ಯದಲ್ಲೇ ಬರೆಯಬೇಕು. ಅಂಚಿಗೆ ಬರೆದರೆ ಅದು ಹಾರಲು ಹೋಗಿ ಅರ್ಧ ಹಕ್ಕಿಯಷ್ಟೇ ಉಳಿಯುತ್ತದೆ. ಮದುವೆ ಮನೆಯ ಗೋಡೆಗೆ ಆನೆ ಬರೆಸಿದರೆ ಬೀಗರೆಲ್ಲ ಬಂದು ಸೇರುವ ತನಕ ಅದರ ಕಣ್ಣು ಬರೆಯುವುದಿಲ್ಲ. ಚಿತ್ರ ಏನು ಮಾಡುತ್ತದೆ ಎಂದು ಬರೆದವರಿಗೂ ಗೊತ್ತಿರುವುದಿಲ್ಲ. ಯಾರೂ ಕೇಳುವುದೂ ಇಲ್ಲ. ಊರ ಹೊರಗಿನ ಸುಂಕದಕಟ್ಟೆ ದಾಟಿದರೆ ಚಿತ್ರಗಳು ಅಲ್ಲಾಡುವುದಿಲ್ಲ ಎಂದು ಎಲ್ಲರಿಗೂ ಗೊತ್ತು. ಆದರೆ ಸುಂಕದಕಟ್ಟೆಯ ಆಚೆ ಹೋಗಿ ಚಿತ್ರ ಬರೆಯುವ ಕೆಲಸ ಯಾರಿಗಿತ್ತು?

ಶಿವಯೋಗಿಗೆ ಒಬ್ಬಳೇ ಮಗಳು, ನೀಲಾಂಬಿಕೆ. ನಾವೆಲ್ಲ ಒಂದೇ ಮನೆಯಲ್ಲಿರುವುದರಿಂದ ಅವಳು ಬೆಳೆದದ್ದು ಅಪ್ಪನ ಬಣ್ಣದ ಡಬ್ಬಿಗಳ ನಡುವೆ ಎಷ್ಟೋ, ನನ್ನ ಹೊಲಿಗೆ ಯಂತ್ರದ ಕೆಳಗೂ ಅಷ್ಟೇ. ಕತ್ತರಿಸಿ ಉಳಿದ ಬಟ್ಟೆಯ ಚೂರುಗಳ ಮೇಲೆ ಸೀಮೆಸುಣ್ಣದಿಂದ ಇಲಿ ಬರೆಯುತ್ತಿದ್ದಳು. ಅದು ಮೂಗು ಅಲ್ಲಾಡಿಸಿ ಸುಮ್ಮನಾದರೆ ಎಲ್ಲ ಮಕ್ಕಳೂ ಚಪ್ಪಾಳೆ ತಟ್ಟುತ್ತಿದ್ದರು. ಇವಳು ಮಾತ್ರ ಅದನ್ನೇ ದಿಟ್ಟಿಸುತ್ತ ಕೂರುವಳು, ಲೆಕ್ಕ ತಪ್ಪಿದವರ ಹಾಗೆ.

ಅವಳಿಗೆ ಹದಿನೇಳು ತುಂಬಿದ ವರ್ಷ ಪೈಲವಾನ ರಾಜೇಸಾಬರು ಕೋಲೂರಿಕೊಂಡು ನಮ್ಮ ಮನೆಗೆ ಬಂದರು. ಒಂದು ಕಾಲಕ್ಕೆ ಸುತ್ತಲ ಸೀಮೆಯಲ್ಲಿ ಅವರ ಬೆನ್ನು ಮಣ್ಣಿಗೆ ಹಚ್ಚಿದವರಿರಲಿಲ್ಲ. ಈಗ ಎಪ್ಪತ್ತು ದಾಟಿ, ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡಿದ್ದರು. ಗರಡಿ ಮನೆಗೆ ಸುಣ್ಣ ಬಳಿಸಿದ ಶಿಷ್ಯರು ಗುರುಗಳ ಚಿತ್ರ ಗೋಡೆಯ ಮೇಲಿರಲಿ ಎಂದಿದ್ದರು. ಶಿವಯೋಗಿ ಕುಂಚ ಒರೆಸಿಕೊಂಡು ಎದ್ದ. ರಾಜೇಸಾಬರು ಕೈ ಅಡ್ಡ ಹಿಡಿದು ನೀಲಾಳ ಕಡೆ ತೋರಿಸಿದರು. "ನೀ ಸಿಟ್ಟಾಗಬ್ಯಾಡಪಾ. ನೀ ಚಂದ ತಗೀತಿ. ಈಕಿ ಖರೇ ತಗೀತಾಳ."

ಅವಳು ಎಂಟು ದಿನ ಗೋಡೆಯ ಮುಂದೆ ನಿಂತಳು. ರಾಜೇಸಾಬರ ಹೆಸರಾದದ್ದು ಧೋಬಿ ಡಾವಿಗೆ. ಎದುರಾಳಿಯ ಒಂದು ಕೈ ಹಿಡಿದು, ಅವನನ್ನು ಬೆನ್ನ ಮೇಲೆ ಎಳೆದುಕೊಂಡು, ಅಗಸರು ಕಲ್ಲಿಗೆ ಬಟ್ಟೆ ಬಡಿಯುವಂತೆ ನೆಲಕ್ಕೆ ಒಗೆಯುವ ಪಟ್ಟು ಅದು. ನೀಲಾ ಅವರನ್ನು ಎದುರಾಳಿ ಬೆನ್ನಿಗೇರಿದ ಗಳಿಗೆಯಲ್ಲಿ ಬರೆದಳು. ಕೊನೆಯ ದಿನ ಅರ್ಧ ಊರೇ ಸೇರಿತ್ತು. ಅವಳು ಕಣ್ಣಿನ ಬೊಟ್ಟು ಇಟ್ಟಳು. ಚಿತ್ರದ ಪೈಲವಾನ ಬೆನ್ನ ಮೇಲಿದ್ದವನನ್ನು ಮೆಲ್ಲಗೆ ಕೆಳಗಿಳಿಸಿ, ತಾನೂ ಕುಕ್ಕರಗಾಲಲ್ಲಿ ಕೂತು, ಮುಂಗೈಯಿಂದ ಹಣೆಯ ಬೆವರು ಒರೆಸಿಕೊಂಡ. ಜನ ನಕ್ಕರು, ಆಮೇಲೆ ಕೇಕೆ ಹಾಕಿ ಚಪ್ಪಾಳೆ ತಟ್ಟಿದರು. ರಾಜೇಸಾಬರು ನಗಲಿಲ್ಲ.

"ಕುಸ್ತಿ ಮುಗಿಯೂ ತನಕಾ ನಾ ಯಾವತ್ತೂ ಕುಂತಾವಲ್ಲ, ಬೇಟಿ" ಎಂದಷ್ಟೇ ಹೇಳಿ ಕೋಲೂರಿಕೊಂಡು ಹೊರಟುಹೋದರು.

ಮರುದಿನ ನೀಲಾ ಅವರ ಮನೆಗೆ ಹೋದಳು. ಜೊತೆಗೆ ನಾನೂ ಇದ್ದೆ. "ಅಜ್ಜಾ, ಇನ್ನೊಂದು ತಗೀತೀನಿ" ಎಂದಳು. ಅವರು ಬೈಯಲಿಲ್ಲ. ಚಹಾ ತರಿಸಿ ಕುಡಿಸಿದರು. ಆಮೇಲೆ ಕೇಳಿದರು: "ಇನ್ನೊಂದು ತಗದ್ರ ಅದು ಇನ್ನೇನರ ಮಾಡ್ತೈತಿ. ಅದೇನು ನಿನ್ನ ಕೈಯಾಗ ಐತೇನು?" ಅವಳು ಲೋಟ ಕೆಳಗಿಟ್ಟು ಎದ್ದಳು. ದಾರಿಯುದ್ದಕ್ಕೂ ತನ್ನ ಬಲಗೈಯನ್ನು ಹೊಸದಾಗಿ ಕಂಡವಳ ಹಾಗೆ ನೋಡಿಕೊಳ್ಳುತ್ತ ಬಂದಳು.

ಪಿಯುಸಿ ಮುಗಿದ ಮೇಲೆ ಒಂದು ಮಧ್ಯಾಹ್ನ, ಊಟಕ್ಕೆ ಕೂತಾಗ, ಅನಿಮೇಷನ್ ಕಲಿಯಲು ಹೋಗುತ್ತೇನೆ ಎಂದಳು. ಹಾಗೆಂದರೆ ಏನು ಎಂದು ಕೇಳಿದ ಶಿವಯೋಗಿ, ಉತ್ತರ ಕೇಳಿ ತುತ್ತು ಕೆಳಗಿಟ್ಟ.

"ನಮ್ಮೂರಾಗ ಪುಕ್ಕಟ ಸಿಗೂದನ್ನ ಕಲಿಯಾಕ ನಾಕ್ ವರ್ಷ ಕಾಲೇಜು? ಊರ ಮಂದಿ ನಗ್ತಾರ ನೋಡು."

"ಪುಕ್ಕಟ ಸಿಗತೈತಿ ಅಂತನ ನಮಗದು ಬರೂದಿಲ್ಲಪ್ಪಾ" ಎಂದಳು ನೀಲಾ. "ನಾವು ಕಣ್ಣು ಬರೀತೀವಿ, ಅದರ ಪಾಡಿಗೆ ಅದು ಅಲ್ಲಾಡತೈತಿ. ರಾಜೇಸಾಬಜ್ಜ ಹೆಂಗ ಒಗೀತಿದ್ರು ಅಂತ ನಿನಗ ಗೊತ್ತೈತೇನು? ನನಗೂ ಗೊತ್ತಿಲ್ಲ."

ಶಿವಯೋಗಿ ಕೆಟ್ಟವನಲ್ಲ. ಮೂವತ್ತು ವರ್ಷ ಊರಿನ ಬೋರ್ಡುಗಳನ್ನೆಲ್ಲ ಬರೆದವನಿಗೆ ಆ ಮಾತು ಚುಚ್ಚಿತು, ಅಷ್ಟೆ. ಮೂರನೆಯ ದಿನ, "ದೊಡ್ಡ ಕಾಲೇಜು ಆದ್ರ ಕಳಸ್ತೀನಿ. ಕಲಿತ ಮ್ಯಾಲೆ ಕೆಲಸಾ ಕೊಡ್ಸೂವಂಥಾದ್ದು" ಎಂದ. ನೀಲಾ ಪತ್ರ ಬರೆದ ಕಾಲೇಜುಗಳಲ್ಲಿ ಎರಡು "ಬಂದು ನೋಡಿ" ಎಂದು ಉತ್ತರಿಸಿದ್ದವು: ಒಂದು ರಾಜಧಾನಿಯಲ್ಲಿ, ಇನ್ನೊಂದು ಬಂದರಿನ ಊರಲ್ಲಿ. ಜೊತೆಗೆ ಯಾರು ಹೋಗಬೇಕು ಎಂಬ ಮಾತು ಬಂದಾಗ ಅವಳವ್ವ ಗಿರಿಜೆ ನನ್ನ ಕಡೆ ತಿರುಗಿ, "ನೀವ ಹೋಗ್ರಿ. ನಿಮ್ಮ ಕಣ್ಣಿಗೆ ಅಳತಿ ಗೊತ್ತೈತಿ" ಎಂದಳು.

ರಾಜಧಾನಿಯ ಕಾಲೇಜು ಕಣ್ಣು ಕುಕ್ಕುವಂತಿತ್ತು. ಅಷ್ಟೂ ಗಾಜು, ಒಳಗೆ ತಂಪು, ಗೋಡೆಯ ತುಂಬ ಪರದೆಗಳು, ಪರದೆಗಳಲ್ಲಿ ಕಡಲು, ಬೆಂಕಿ, ರೆಕ್ಕೆಯ ಕುದುರೆಗಳು. ಬಾಯಿ ಬಿಟ್ಟುಕೊಂಡು ನೋಡಿದೆ. ಅದನ್ನು ಒಪ್ಪಿಕೊಳ್ಳಲು ನನಗೆ ನಾಚಿಕೆಯಿಲ್ಲ. ಮೊದಲು ಒಂದು ಪರೀಕ್ಷೆ ಇತ್ತು. ದೊಡ್ಡ ಹಾಲಿನಲ್ಲಿ ನಲವತ್ತು ಮಂದಿಯನ್ನು ಕೂರಿಸಿ ಆಡು ಬರೆಯಿರಿ ಎಂದರು. ನಾನು ಬಾಗಿಲ ಗಾಜಿನಿಂದ ನೋಡುತ್ತಿದ್ದೆ. ನೀಲಾ ಎಲ್ಲರಿಗಿಂತ ಮೊದಲು ಮುಗಿಸಿದಳು. ಕಣ್ಣಿನ ಬೊಟ್ಟು ಇಟ್ಟು, ಪೆನ್ಸಿಲ್ ಎತ್ತಿ ಹಿಡಿದು, ಅಭ್ಯಾಸ ಬಲದಿಂದ ಕಾದಳು. ಆಡು ಅಲ್ಲಾಡಲಿಲ್ಲ. ಅಕ್ಕಪಕ್ಕದವರು ಎರಡನೆಯ ಚಿತ್ರಕ್ಕೆ ಹೋದರು, ಇವಳು ಇನ್ನೂ ಪೆನ್ಸಿಲ್ ಎತ್ತಿಯೇ ಕೂತಿದ್ದಳು. ಗೊತ್ತಿದ್ದ ಮಾತೇ. ಆದರೂ ಹೊರಗೆ ಬಂದು ನನ್ನ ಕೈ ಗಟ್ಟಿಯಾಗಿ ಹಿಡಿದಳು. "ಅತ್ತೀ, ಸತ್ತಂಗ ಮಲಗೇತಿ ಅದು. ನಾ ಏನೂ ಕಲ್ತಿಲ್ಲ ಅತ್ತೀ." ಎಷ್ಟೋ ವರ್ಷಗಳ ಮೇಲೆ ಅವತ್ತು ಅವಳು ಅತ್ತದ್ದನ್ನು ನೋಡಿದೆ.

ಆದರೆ ಕಾಲೇಜಿನ ನಿರ್ದೇಶಕರಿಗೆ ಆಡು ತುಂಬ ಹಿಡಿಸಿತ್ತು. ಅದಕ್ಕಿಂತ ಹೆಚ್ಚಾಗಿ ನಮ್ಮೂರಿನ ಹೆಸರು ಹಿಡಿಸಿತ್ತು. "ಓ, ನೀವು ಆ ಊರಿನವರಾ!" ಎಂದು ಕುರ್ಚಿಯಿಂದ ಎದ್ದೇ ಬಿಟ್ಟರು. ಸೀಟು ಖಾಯಂ, ಹಾಸ್ಟೆಲ್ ಖಾಯಂ, ಮುಗಿಸಿದ ದಿನವೇ ಕೆಲಸ. ಕಾಲೇಜಿನ ಪುಸ್ತಕದ ಮುಖಪುಟಕ್ಕೆ ಇವಳ ಫೋಟೋ. ನೀಲಾ ಕೈಕಟ್ಟಿ ನಿಂತು ಎಲ್ಲ ಕೇಳಿಸಿಕೊಂಡಳು. ಕೊನೆಗೆ, "ಸರ್, ನಡಿಯೂದು ಯಾರು ಕಲಸ್ತಾರ್ರಿ?" ಎಂದಳು.

"ನಡೆಯೋದಾ? ನಡಿಗೆ ಎಲ್ಲ ಕಂಪ್ಯೂಟರಲ್ಲಿ ರೆಡಿ ಇರುತ್ತಮ್ಮಾ. ಮುದುಕನ ನಡಿಗೆ ಬೇಕಾ, ಮಗೂದು ಬೇಕಾ, ಆರಿಸ್ಕೊಂಡು ಕೂರಿಸಿದರಾಯ್ತು. ಎಷ್ಟು ಟೈಮ್ ಉಳಿಯುತ್ತೆ ಗೊತ್ತಾ?"

ಅವಳು ತಲೆಯಾಡಿಸಿದಳು. ಆಮೇಲೆ ಮಾಡಿದ್ದನ್ನು ನೋಡಿ ನನಗೆ ಅವಳ ಬಗ್ಗೆ ಅಭಿಮಾನ ಉಕ್ಕಿತು. ಕಾಲೇಜು ತೋರಿಸಲು ಬಂದ ಆಫೀಸಿನವರನ್ನು ಬಿಟ್ಟು, ಕ್ಯಾಂಟೀನಿಗೆ ಹೋಗಿ, ಎರಡನೆಯ ವರ್ಷದ ಹುಡುಗಿಯರ ಮೇಜಿನಲ್ಲಿ ತಾನೇ ಹೋಗಿ ಕೂತಳು. ಅವರು ಮಾಡಿದ್ದನ್ನೆಲ್ಲ ತೋರಿಸಿ ಎಂದು ಕೇಳಿ ಕಣ್ಣರಳಿಸಿ ನೋಡಿದಳು. ಆಮೇಲೆ ಕೇಳಿದಳು: "ನಿಮಗ ಬರದಽ ಇರೂದು ಯಾವುದು? ಕೆಟ್ಟದ್ದು ಒಂದು ತೋರಸ್ರಿ." ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬಳು ಮೆಲ್ಲಗೆ, "ತಪ್ಪಾಗಿದ್ದನ್ನ ಅಳಿಸಿಬಿಡ್ತೀವಿ. ಸರ್ ನೋಡಿದ್ರೆ ಚೆನ್ನಾಗಿರಲ್ಲ" ಎಂದಳು. ಅವರ ಚಿತ್ರದಲ್ಲಿ ರಾಜ ನಡೆದ, ಭಿಕ್ಷುಕ ನಡೆದ, ಮುದುಕಿ ನಡೆದಳು. ನನಗೆ ಅನಿಮೇಷನ್ ತಿಳಿಯದು. ಆದರೆ ಒಂದೇ ಅಳತೆಯ ಕುಪ್ಪಸವನ್ನು ಮೂರು ಮಂದಿಗೆ ತೊಡಿಸಿದರೆ ಕಣ್ಣಿಗೆ ಕಾಣದೇ ಇರುತ್ತದೆಯೇ?

ಬಂದರಿನ ಊರಿಗೆ ಮರುದಿನ ರೈಲಿನಲ್ಲಿ ಹೋದೆವು. ಅಲ್ಲಿನ ಶಾಲೆ ಹಿಂದೆ ಹಗ್ಗದ ಗೋದಾಮಾಗಿತ್ತು; ಒಳಗೆ ಇನ್ನೂ ತೆಂಗಿನ ನಾರಿನ ವಾಸನೆ. ನಡೆಸುವವರು ಫ್ಲೋರಿನ್ ಟೀಚರ್ ಎಂಬ ಹೆಂಗಸು. ಕತ್ತರಿಸಿದ ಬಿಳಿಗೂದಲು, ಬೆರಳ ತುಂಬ ಸೀಸದ ಕಪ್ಪು. ನಮ್ಮೂರಿನ ಹೆಸರು ಕೇಳಿ, "ಹೌದಾ" ಎಂದರು, ಅಷ್ಟೆ. ಹಿತ್ತಲಿಗೆ ಕರೆದುಕೊಂಡು ಹೋಗಿ ನೀಲಾಳ ಕೈಯಲ್ಲಿ ತುಂಬಿದ ಬಕೆಟ್ಟು ಎತ್ತಿಸಿದರು. ಆಮೇಲೆ ಖಾಲಿ ಬಕೆಟ್ಟು. "ಈಗ ಒಳಗೆ ಕೂತು, ತುಂಬಿದ್ದು ಎತ್ತುವವಳನ್ನು ಬರಿ. ನೀರು ತೋರಿಸ್ಬೇಡ. ತುಂಬಿದೆ ಅಂತ ನನಗೆ ಗೊತ್ತಾಗ್ಬೇಕು."

ನೀಲಾ ಬರೆದಳು. ಬರೆದು ಪೆನ್ಸಿಲ್ ಎತ್ತಿ ಮತ್ತೆ ಕಾದಳು. ಟೀಚರ್ ಅದನ್ನು ಗಮನಿಸಿದರು. "ಎಂತ ಕಾಯ್ತಾ ಇದ್ದೀ ಮಗಾ?"

"ಏನರ ಮಾಡತೈತೇನೋ ಅಂತ್ರಿ."

"ಇಲ್ಲಿ ಅದು ಎಂತದೂ ಮಾಡುದಿಲ್ಲ. ಇನ್ನೊಂದು ಹಾಳೆ ತಗೊ. ಇದರ ನಂತರ ಭುಜ ಎಲ್ಲಿರ್ತದೆ, ಅದನ್ನು ಬರಿ."

ಮಧ್ಯಾಹ್ನದ ಹೊತ್ತಿಗೆ ಒಂಬತ್ತು ಹಾಳೆಯಾದವು. ಟೀಚರ್ ಅವನ್ನು ಜೋಡಿಸಿ ಹಿಡಿದು ಹೆಬ್ಬೆರಳಿನಿಂದ ಸರಸರ ಬಿಟ್ಟರು. ಹೆಂಗಸಿನ ಭುಜ ಇಳಿಯಿತು, ಇನ್ನೊಂದು ಕೈ ಗಾಳಿಯಲ್ಲಿ ಚಾಚಿತು, ಬಕೆಟ್ಟು ನೆಲದಿಂದ ಒಂದು ಗೇಣು ಎದ್ದಿತು. ಎಲ್ಲ ನಡುಗುತ್ತಿತ್ತು, ಮೂಗು ಒಂದೊಂದು ಹಾಳೆಯಲ್ಲಿ ಒಂದೊಂದು ಕಡೆ ಇತ್ತು. ನೀಲಾ ಗಟ್ಟಿಯಾಗಿ ನಕ್ಕುಬಿಟ್ಟಳು. ಹಾಳೆಗಳನ್ನು ಕಸಿದುಕೊಂಡು ತಾನೇ ಬಿಟ್ಟಳು. ಇನ್ನೊಮ್ಮೆ ಬಿಟ್ಟಳು. ಮತ್ತೊಮ್ಮೆ. ಪ್ರತಿಸಲವೂ ಬಕೆಟ್ಟು ಎದ್ದಿತು. ಒಂದು ಚಿತ್ರ ಎರಡನೆಯ ಸಲ ಅಲ್ಲಾಡಿದ್ದನ್ನು ನನ್ನ ಐವತ್ತೆರಡು ವರ್ಷದಲ್ಲಿ ನಾನು ನೋಡಿದ್ದು ಅದೇ ಮೊದಲು.

ಅಲ್ಲಿಯೂ ಅವಳು ವಿದ್ಯಾರ್ಥಿಗಳ ನಡುವೆ ಕೂತು ಅದೇ ಪ್ರಶ್ನೆ ಕೇಳಿದಳು. ಇಲ್ಲಿ ಎಲ್ಲರೂ ಒಟ್ಟಿಗೇ ಮಾತಾಡಲು ಹತ್ತಿದರು. ನಾಯಿ ಕೂರುವುದನ್ನು ನಾಲ್ಕು ತಿಂಗಳಿಂದ ಬರೆಯುತ್ತಿದ್ದೇನೆ, ಇನ್ನೂ ಸ್ಟೂಲಿನ ಮೇಲೆ ಕೂತ ಹಾಗೇ ಕಾಣುತ್ತದೆ ಎಂದು ಒಬ್ಬಳು ತಾನೇ ನಕ್ಕಳು. ಕೆಟ್ಟದ್ದನ್ನೆಲ್ಲ ತಾರೀಖು ಹಾಕಿ ಒಂದು ಕಪಾಟಿನಲ್ಲಿ ಇಟ್ಟಿದ್ದರು. ಟೀಚರ್ ಏನೂ ಮುಚ್ಚಿಡಲಿಲ್ಲ. "ಕಂಪ್ಯೂಟರ್ ಐದುಂಟು, ನಡೆಯುವುದು ಮೂರು. ಕೆಲಸ ಸಿಗ್ತದೆ ಅಂತ ನಾನು ಮಾತು ಕೊಡುದಿಲ್ಲ. ಮೊದಲ ವರ್ಷ ಬರೀ ನಡಿಗೆ, ಎತ್ತುವುದು, ಕೂರುವುದು. ಬೇಜಾರಾಗಿ ಹೋದವರೂ ಇದ್ದಾರೆ. ಯೋಚನೆ ಮಾಡಿ ಹೇಳು."

ಊರಿಗೆ ಬಂದಾಗ ರಾಜಧಾನಿಯ ಕಾಲೇಜಿನ ಪತ್ರ ನಮಗಿಂತ ಮೊದಲೇ ಬಂದಿತ್ತು. ಐದು ದಿನದಲ್ಲಿ ಒಪ್ಪಿಗೆ ತಿಳಿಸಬೇಕು. ಶಿವಯೋಗಿ ಅದನ್ನು ಓಣಿಯವರಿಗೆಲ್ಲ ಓದಿ ತೋರಿಸಿಯೂ ಆಗಿತ್ತು. ನೀಲಾ ಬಂದರಿನ ಶಾಲೆಯಲ್ಲಿ ಕಂಡದ್ದನ್ನೆಲ್ಲ ಹೇಳಿ, ಅಲ್ಲಿಗೇ ಹೋಗುತ್ತೇನೆ ಎಂದಾಗ ಅವನ ಮುಖ ಕೆಂಪಾಯಿತು. "ಅವರು ಕರದು ಕೊಡ್ತಾರ, ನೀ ಒಲ್ಲೆ ಅಂತಿ. ಇವರು ಏನೂ ಕೊಡೂದಿಲ್ಲ ಅಂತಾರ, ಅಲ್ಲಿಗೆ ಹೋಗ್ತೀನಂತಿ. ಹಗ್ಗದ ಗೋದಾಮಿನಾಗ ಬಕೆಟ್ ಎತ್ತೂದು ಕಲೀತಿಯೇನು?" ನನ್ನನ್ನೂ ಬಿಡಲಿಲ್ಲ. "ನೀ ಹೋಗಿ ಏನ್ ನೋಡಿದಿ ಅಕ್ಕಾ?"

ನಾನು ನೋಡಿದ್ದನ್ನೇ ಹೇಳಿದೆ. ಅವನು ನಂಬಲಿಲ್ಲ. ನೀಲಾ ವಾದ ಮಾಡಲಿಲ್ಲ. "ನಾಕ್ ದಿನಾ ತಡಿಯಪ್ಪಾ" ಎಂದಳು.

ಮರುದಿನ ಬೆಳಿಗ್ಗೆ ಆಟೋದಲ್ಲಿ ರಾಜೇಸಾಬರನ್ನು ಕೂರಿಸಿಕೊಂಡು ಸುಂಕದಕಟ್ಟೆಯ ಆಚೆ, ಬಸ್ಸಿನ ತಂಗುದಾಣಕ್ಕೆ ಹೋದಳು. ಊರೊಳಗೆ ಬರೆದರೆ ಒಂದೊಂದು ಹಾಳೆಯೂ ತನ್ನ ಮನಸ್ಸಿಗೆ ಬಂದಂತೆ ಮಿಸುಕಿ ಎಲ್ಲವನ್ನೂ ಕೆಡಿಸುತ್ತದೆ, ಅದಕ್ಕೇ ಅಲ್ಲಿ. ಮುದುಕರಿಗೆ ನಮ್ಮ ಮನೆಯ ಕೈಕುರ್ಚಿ. ತಾನು ಕಲ್ಲುಬೆಂಚಿನ ಮೇಲೆ. ಅವರು ಕಣ್ಣು ಮುಚ್ಚಿಕೊಂಡು ಹೇಳುವರು, ಅವಳು ಬರೆಯುವಳು. "ಭಾರ ಎಲ್ಲಿತ್ತಜ್ಜಾ, ಎಡಗಾಲ ಮ್ಯಾಲೋ ಬಲಗಾಲ ಮ್ಯಾಲೋ?" "ಬಲಗಾಲು... ತಡಿ ತಡಿ. ಅವನ ಕೈ ಎಳಿಯೂದಕ್ಕಿಂತ ಮೊದಲು ಸೊಂಟಾ ತಿರುವಬೇಕು. ಸೊಂಟಾ ಮೊದಲು, ಕೈ ಆಮ್ಯಾಗ." ಊಟದ ಬುತ್ತಿ ಒಯ್ಯುತ್ತಿದ್ದವಳು ನಾನು. ಮೊದಲ ದಿನದ ಹಾಳೆಗಳನ್ನೆಲ್ಲ ಎರಡನೆಯ ದಿನ ತೆಗೆದುಹಾಕಿದರು. ಎರಡನೆಯ ದಿನದ್ದರಲ್ಲಿ ಅರ್ಧ ಉಳಿದವು. ಬಸ್ಸಿಗೆ ಕಾಯುವವರು ಸುತ್ತ ನಿಂತು, ಬಸ್ಸು ಬಂದು ಹೋದರೂ ನಿಂತೇ ಇರುತ್ತಿದ್ದರು.

ನಾಲ್ಕನೆಯ ದಿನ ಮಧ್ಯಾಹ್ನ ಶಿವಯೋಗಿ ಸೈಕಲ್ ತುಳಿದುಕೊಂಡು ಬಂದ. ಒಪ್ಪಿಗೆಯ ಕಾಗದ ಜೇಬಿನಲ್ಲಿತ್ತು, ಮಗಳ ಸಹಿಯೊಂದೇ ಬಾಕಿ. ಅವನು ಬಾಯಿ ತೆರೆಯುವ ಮೊದಲೇ ನೀಲಾ, ತಲೆಯೆತ್ತದೆ, "ಅಪ್ಪಾ, ಸ್ವಲ್ಪ ಅಜ್ಜನ ಹಿಂದ ಬಂದು ನಿಂದರು. ಎದುರಾಳಿಯ ಹಿಮ್ಮಡಿ ಯಾವಾಗ ನೆಲಾ ಬಿಡತೈತಿ ಅನ್ನೂದು ತಿಳೀವಲ್ದು" ಎಂದಳು. ಅವನು ಏನೂ ತೋಚದೆ ಸೈಕಲ್ ನಿಲ್ಲಿಸಿ ಬಂದು ನಿಂತ. ರಾಜೇಸಾಬರು ಕೋಲನ್ನು ನನ್ನ ಕೈಗೆ ಕೊಟ್ಟು ಕುರ್ಚಿಯಿಂದ ಎದ್ದರು. ನಾನು ಹೆದರಿ ಹತ್ತಿರ ಹೋದೆ. ಅವರು ನನ್ನನ್ನು ಕಣ್ಣಿನಿಂದಲೇ ತಡೆದು, ಶಿವಯೋಗಿಯ ಮಣಿಕಟ್ಟು ಹಿಡಿದು ತಮ್ಮ ಹೆಗಲ ಮೇಲೆ ಎಳೆದುಕೊಂಡರು. ಮುರಿದ ಸೊಂಟ ಒಂದು ಬೆರಳಿನಷ್ಟು ತಿರುಗಿತು. ಅಷ್ಟೆ. ಅಷ್ಟಕ್ಕೇ ನನ್ನ ತಮ್ಮನ ಹಿಮ್ಮಡಿ ಚಪ್ಪಲಿಯಿಂದ ಎದ್ದಿತು.

"ಹಂಗಽ ಇರ್ರಿ!" ಎಂದು ನೀಲಾ ಕೂಗಿದಳು. ಇಬ್ಬರೂ ಹಾಗೇ ನಿಂತರು. ಒಬ್ಬರಿಗೆ ಸೊಂಟ ನೋವು, ಇನ್ನೊಬ್ಬನಿಗೆ ಬಿಸಿಲು. ಅವಳು ಹಾಳೆಯ ಮೇಲೆ ಹಾಳೆ ಬರೆದಳು.

ಸಂಜೆಯ ಬಿಸಿಲು ಇಳಿಯುವ ಹೊತ್ತಿಗೆ ಮೂವತ್ತೆರಡು ಹಾಳೆ ಸರಿಯಾದವು. ಅವಳು ಜೋಡಿಸಿ ರಾಜೇಸಾಬರ ಕೈಗೆ ಕೊಟ್ಟಳು. ಅವರ ಹೆಬ್ಬೆರಳು ದಪ್ಪ, ಮೊದಲ ಸಲ ಹಾಳೆಗಳು ಮುದ್ದೆಯಾಗಿ ಬಿದ್ದವು. ಎರಡನೆಯ ಸಲ ಸೊಂಟ ತಿರುಗಿತು, ಕೈ ಎಳೆಯಿತು, ಎದುರಾಳಿಯ ಹಿಮ್ಮಡಿ ನೆಲ ಬಿಟ್ಟಿತು, ಅವನು ಬೆನ್ನ ಮೇಲೆ ಉರುಳಿ ಮಣ್ಣಿಗೆ ಬಿದ್ದ. ಪೈಲವಾನ ನಿಂತೇ ಇದ್ದ. ಮುದುಕರು ಹಾಳೆಗಳನ್ನು ಸರಿಮಾಡಿ ಹಿಡಿದುಕೊಂಡರು. ಮತ್ತೆ ಬಿಟ್ಟರು, ಮತ್ತೆ ಬಿಟ್ಟರು. ಆಮೇಲೆ ಮುಖ ಆಚೆ ತಿರುಗಿಸಿಕೊಂಡು, "ಹೌದು ಬೇಟಿ. ಇವ ನಾನು" ಎಂದರು.

ಶಿವಯೋಗಿ ಹಾಳೆಗಳನ್ನು ಇಸಿದುಕೊಂಡ. ಅವನು ಸರಸರ ಬಿಡಲಿಲ್ಲ. ಕಲ್ಲುಬೆಂಚಿನ ಮೇಲೆ ಕೂತು ಒಂದೊಂದಾಗಿ ತಿರುವಿದ. ಕೈ ಹಿಡಿದದ್ದಕ್ಕೂ ಕಾಲು ನೆಲ ಬಿಟ್ಟದ್ದಕ್ಕೂ ನಡುವೆ ಹನ್ನೊಂದು ಹಾಳೆಗಳಿದ್ದವು. ಅವನ್ನು ಎರಡೆರಡು ಸಲ ನೋಡಿದ. ಮೂವತ್ತು ವರ್ಷ ಕೊನೆಯ ಬೊಟ್ಟು ಇಟ್ಟು ಕೈ ತೆಗೆದವನು ಅವನು.

"ನಡುವ ಇಷ್ಟೆಲ್ಲಾ ಇರತೈತೇನು?" ಎಂದು ಕೇಳಿದ. ಮಗಳನ್ನು ಕೇಳಿದನೋ, ತನ್ನನ್ನೇ ಕೇಳಿಕೊಂಡನೋ. ನೀಲಾ, "ಇನ್ನೂ ಇರತೈತಪ್ಪಾ. ನನಗ ಇಷ್ಟಽ ಕಂಡದ್ದು" ಎಂದಳು. ಅವನು ಹಾಳೆಗಳನ್ನು ಜೋಡಿಸಿ ಬೆಂಚಿನ ಮೇಲಿಟ್ಟ. ಆಮೇಲೆ ಜೇಬಿನಿಂದ ಕಾಗದ ತೆಗೆದು, ಹಿಂಬದಿಯ ಖಾಲಿ ಪುಟ ಅವಳ ಮುಂದೆ ಚಾಚಿ, "ಆ ಟೀಚರ್ ಹೆಸರು, ವಿಳಾಸ ಬರಿ. ನಾನಽ ಪತ್ರಾ ಬರೀತೀನಿ" ಎಂದ. ರಾಜಧಾನಿಯವರಿಗೂ ಅವನೇ ಬರೆದ: ನಿಮ್ಮ ದೊಡ್ಡ ಮನಸ್ಸಿಗೆ ಋಣಿ, ನಮ್ಮ ಹುಡುಗಿ ನಡೆಯುವುದನ್ನು ಮೊದಲಿಂದ ಕಲಿಯಬೇಕಾಗಿದೆ.

ಜೂನ್ ತಿಂಗಳ ಮೊದಲ ಸೋಮವಾರ ಅವಳು ಹೊರಟಳು. ಗಿರಿಜೆ ರೊಟ್ಟಿ, ಶೇಂಗಾ ಚಟ್ನಿಪುಡಿ ಕಟ್ಟಿದ್ದಳು. ನಾನು ಎರಡು ಜೊತೆ ಚೂಡಿದಾರ ಹೊಲಿದುಕೊಟ್ಟಿದ್ದೆ. ಬಸ್‌ಸ್ಟ್ಯಾಂಡಿಗೆ ನಾವು ಮೂವರೂ ಹೋದೆವು. ಅವಳಿಗೆ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಕೆಳಗೆ ನಿಂತು ಹೇಳಬೇಕಾದ್ದನ್ನೆಲ್ಲ ಹೇಳಿದೆವು, ಹೇಳಿದ್ದನ್ನೇ ಮತ್ತೊಮ್ಮೆ ಹೇಳಿದೆವು. ಕಂಡಕ್ಟರ್ ಸೀಟಿ ಊದಿದ. ಗಿರಿಜೆ ಸೆರಗಿನಿಂದ ಕಣ್ಣೊತ್ತಿಕೊಂಡು ಕೈಯೆತ್ತಿದಳು, ಶಿವಯೋಗಿಯೂ ಎತ್ತಿದ.

ಅದೇ ಹೊತ್ತಿಗೆ ಬದನೆಕಾಯಿ ಬುಟ್ಟಿ ಹೊತ್ತ ಒಬ್ಬ ಮುದುಕಿ ಓಡುತ್ತ ಬಂದು ಬಸ್ಸಿನ ಮೆಟ್ಟಿಲ ಬಳಿ ನಿಂತಳು. ಬುಟ್ಟಿಯನ್ನು ತಲೆಯಿಂದ ಸೊಂಟಕ್ಕೆ ಇಳಿಸಿದಳು, ಸೊಂಟದಿಂದ ಮೊಣಕಾಲಿಗೆ ಆನಿಸಿದಳು, ಮೊಣಕಾಲಿನಿಂದಲೇ ನೂಕಿ ಮೆಟ್ಟಿಲ ಮೇಲಿಟ್ಟಳು. ಆಮೇಲೆ ಒಂದು ಕೈಯಿಂದ ಕಂಬಿ ಹಿಡಿದು, ಇನ್ನೊಂದು ಕೈಯನ್ನು ತನ್ನ ತೊಡೆಯ ಮೇಲೆ ಊರಿ, ತನ್ನನ್ನು ತಾನೇ ಎತ್ತಿಕೊಂಡು ಹತ್ತಿದಳು. ನೀಲಾ ಕಿಟಕಿಯಿಂದ ಅರ್ಧ ಮೈ ಹೊರಚಾಚಿ ಅವಳನ್ನೇ ನೋಡುತ್ತಿದ್ದಳು. ಬುಟ್ಟಿ ಇಳಿದಾಗ ನೀಲಾಳ ಭುಜವೂ ಒಂದಿಷ್ಟು ಇಳಿಯಿತು. ಮುದುಕಿ ಹತ್ತಿದಾಗ ಇವಳೂ ಉಸಿರು ಬಿಗಿಹಿಡಿದು, ಮೇಲೆ ಬಂದ ಮೇಲೆ ಬಿಟ್ಟಳು. ಬಸ್ಸು ಹೊರಟಿತು, ತಿರುವು ದಾಟಿ ಕಣ್ಣಿಗೆ ಮರೆಯಾಯಿತು.

ಶಿವಯೋಗಿಯ ಕೈ ಇನ್ನೂ ಮೇಲೆಯೇ ಇತ್ತು. "ನಮ್ಮ ಕಡೆ ನೋಡಲೇ ಇಲ್ಲಲ್ಲ ಅಕ್ಕಾ" ಎಂದ.

"ಕೆಲಸದಾಗ ಅದಾಳೋ ಹುಡುಗಿ" ಎಂದೆ.